ಹೊನ್ನಪ್ಪನ ಎರಡನೇ ಟ್ಯಾಂಕು

ತೊಂದರೆ ಶುರುವಾದದ್ದು ಪೆಟ್ರೋಲ್ ಮುಳ್ಳಿನಿಂದ. ಹಿಂದಿನ ಶುಕ್ರವಾರ ಹೊನ್ನಪ್ಪ ತನ್ನ ಪಿಕಪ್ಪಿಗೆ ಕ್ಯಾರವಾನ್ ಕಟ್ಟಿ ಅರಬ್ ನಾಡಿನ ಸೀಬ್‌ನಿಂದ ನಿಜ್ವಾವರೆಗೆ ಎಳೆದು ನೋಡಿದ್ದ. ಗಾಲಿಯ ಮೇಲಿನ ಆ ಪುಟ್ಟ ಮನೆ ಬೆನ್ನಿಗೆ ಬಿದ್ದದ್ದೇ ತಡ, ಮುಳ್ಳು ಸರ್ರನೆ ಇಳಿಯತೊಡಗಿತು. ನಿಜ್ವಾ ಬರುವಷ್ಟರಲ್ಲಿ ಅರ್ಧ ಟ್ಯಾಂಕು ಖಾಲಿ. ಅವನು ಹೋಗಬೇಕಾದದ್ದು ಸಲಾಲಾಕ್ಕೆ, ಅಂದರೆ ಮರುಭೂಮಿಯ ನಡುವೆ ಸಾವಿರ ಕಿಲೋಮೀಟರ್. ಪ್ರವಾಸದ ಸೀಸನ್ನಿನಲ್ಲಿ ದಾರಿಯ ಪಂಪುಗಳಲ್ಲಿ ಅರ್ಧ ದಿನ ಕ್ಯೂ ನಿಲ್ಲಬೇಕೆಂದು ಹೋಗಿಬಂದವರೆಲ್ಲ ಹೆದರಿಸಿದ್ದರು.

ಆದರೂ ಹೋಗುವುದೇ ಎಂದು ಹೊನ್ನಪ್ಪ ಹಟ ಹಿಡಿದಿದ್ದ. ಕಚ್ಚಾ ಎಣ್ಣೆಯ ಬೆಲೆ ಪಾತಾಳ ಕಂಡ ಮೇಲೆ ಅವನ ಎಣ್ಣೆ ಕಂಪನಿ ಊರಿನ ವಿಮಾನದ ಟಿಕೆಟ್ ಕೊಡುವುದನ್ನು ನಿಲ್ಲಿಸಿತ್ತು. ಮೈಸೂರಿನ ಮುಖ ಕಂಡು ಎರಡು ವರ್ಷವಾಗಿತ್ತು. ಹೆಂಡತಿ ಕಾಂತಾಮಣಿ ಒಂದು ದಿನ ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನ ಕೆಳಗೆ ಅಂಗೈ ಹಿಡಿದು, "ನೆನೆಯೋದು ಅಂದ್ರೆ ಹೇಗಿರುತ್ತೆ ಅನ್ನೋದೇ ಮರೆತುಹೋಗಿದೆ ಕಣ್ರೀ" ಎಂದಿದ್ದಳು. ಅವಳು ಗೊಣಗಿದ್ದರೆ ಹೊನ್ನಪ್ಪ ಸುಮ್ಮನಿರುತ್ತಿದ್ದ. ಗೊಣಗದೆ ನಕ್ಕುಬಿಟ್ಟಳು, ಅವನು ಮರುದಿನವೇ ರಜೆಗೆ ಅರ್ಜಿ ಹಾಕಿದ. ಇಡೀ ದೇಶ ಬೇಯುವ ಜುಲೈನಲ್ಲೂ ಸಲಾಲಾದ ಬೆಟ್ಟದ ಆಚೆ ಬದಿಯಲ್ಲಿ ಮಳೆ ಹನಿಯುತ್ತದೆ. ಕೆಲಸ ಕಳೆದುಕೊಂಡು ಊರಿಗೆ ಹೊರಟ ಇಂಗ್ಲಿಷ್ ಎಂಜಿನಿಯರೊಬ್ಬ ತನ್ನ ಕ್ಯಾರವಾನನ್ನು ಇವನ ತಲೆಗೆ ಕಟ್ಟಿ ಹೋಗಿದ್ದ. ಹೋಟೆಲಿನ ಗೊಡವೆಯೂ ತಪ್ಪಿತ್ತು. ಭಾನುವಾರದಿಂದ ರಜೆ ಮಂಜೂರಾಗಿತ್ತು. ಇನ್ನು ಬೇಕಾದದ್ದು ಎರಡನೇ ಟ್ಯಾಂಕು ಒಂದೇ.

ಹಾಗಾಗಿ ಶನಿವಾರ ಬೆಳಿಗ್ಗೆ ಏಳಕ್ಕೇ ಅವನು ಘಾಲಾದ ಕುಂಞಾಲಿಯ ಗ್ಯಾರೇಜಿನಲ್ಲಿದ್ದ. ಜೊತೆಗೆ ಕಿಶೋರನೂ ಇದ್ದ. ಕಿಶೋರ ಪಕ್ಕದ ಫ್ಲಾಟಿನವನು, ಕಂಪನಿಯ ಉಗ್ರಾಣದಲ್ಲಿ ಇವನ ಪಕ್ಕದ ಕುರ್ಚಿಯವನೂ ಹೌದು. ಕರೆದರೆ ಬರುವವರು ಊರಲ್ಲಿ ಬಹಳ ಜನ, ಕಿಶೋರ ಕರೆಯದೆಯೂ ಬರುವವನು.

ಉಳ್ಳಾಲ ಮೂಲದ ಕುಂಞಾಲಿ ಹಳೆಯ ಲಾರಿಯೊಂದರ ಟ್ಯಾಂಕನ್ನು ತೊಳೆದು ತಯಾರಿಟ್ಟಿದ್ದ. "ಇದನ್ನು ಹಿಂದೆ ಕೂರಿಸುವುದು ಸಾರ್. ಈ ಸ್ವಿಚ್ ಒತ್ತಿದ್ರೆ ಇದ್ರಲ್ಲಿದ್ದದ್ದು ನಿಮ್ಮ ಮೇನ್ ಟ್ಯಾಂಕಿಗೆ ಹೋಗ್ತದೆ. ಸಲಾಲಾವರೆಗೆ ನೀವು ಪಂಪಿನ ಮುಖ ನೋಡ್ಲಿಕ್ಕಿಲ್ಲ."

"ಸಂಜೆಯೊಳಗೆ ಆಗಬೇಕು ಕುಂಞಾಲಿ. ಬೆಳಿಗ್ಗೆ ನಾಲ್ಕಕ್ಕೆ ಹೊರಡ್ತೀವಿ."

"ನೀವು ಟೆನ್ಶನ್ ಮಾಡ್ಬೇಡಿ ಮಾರಾಯ್ರೆ. ಮಧ್ಯಾಹ್ನಕ್ಕೆ ಖಲಾಸ್."

ಹನ್ನೊಂದಕ್ಕೆ ಟ್ಯಾಂಕು ಕೂತಿತು. ಸೋರುತ್ತದೆಯೋ ಎಂದು ನೋಡಲು ಕುಂಞಾಲಿ ಅದಕ್ಕೆ ತುಂಬ ನೀರು ಬಿಟ್ಟು, ಕೈ ತೊಳೆಯಲು ಹೋದ. ಅಷ್ಟರಲ್ಲಿ ಒಳಗಿನಿಂದ ಮೋಟರಿನ ಗುರ್ ಎಂಬ ಸದ್ದು ಕೇಳಿತು. ಡ್ರೈವರ್ ಸೀಟಿನಲ್ಲಿ ಕಿಶೋರ ಕೂತಿದ್ದ.

"ಎಂತ ಮಾಡಿದ್ರಿ ನೀವು?" ಕುಂಞಾಲಿ ಒದ್ದೆ ಕೈಯಲ್ಲೇ ಓಡಿಬಂದ.

"ಸ್ವಿಚ್ಚು ಕೆಲಸ ಮಾಡುತ್ತಾ ಅಂತ ನೋಡಿದೆ. ಚೆನ್ನಾಗಿ ಮಾಡ್ತಾ ಇದೆ."

"ಅದ್ರಲ್ಲಿದ್ದದ್ದು ನೀರು ಮಾರಾಯ್ರೆ. ಈಗ ಪೆಟ್ರೋಲಿಗೆ ಹೋಯ್ತು."

ಒಳ್ಳೆಯ ಪೆಟ್ರೋಲಿಗೆ ಒಳ್ಳೆಯ ನೀರು ಸೇರಿ ಎರಡೂ ಕೆಟ್ಟವು. ಇನ್ನು ಮೇನ್ ಟ್ಯಾಂಕನ್ನೇ ಕಳಚಿ, ಬಗ್ಗಿಸಿ, ಒರೆಸಿ, ಒಣಗಿಸಬೇಕು. ನಲವತ್ತಾರು ಡಿಗ್ರಿ ಬಿಸಿಲಿನಲ್ಲಿ ಹೊನ್ನಪ್ಪನೂ ಪ್ಯಾಂಟು ಮಡಚಿ ಗಾಡಿಯಡಿಗೆ ನುಸುಳಿದ. ಹೊಸ ಅಂಗಿಗೆ ಗ್ರೀಸು ಮೆತ್ತಿತು, ಮೊಣಕೈ ತರಚಿತು. ಕಿಶೋರ ನೆರಳಿನಲ್ಲಿ ನಿಂತು, "ನಾನು ಆಗಲೇ ಹೇಳೋಣ ಅಂದ್ಕೊಂಡೆ, ನೀರು ಹಾಕಬಾರದಿತ್ತು" ಎಂದ. ಹೊನ್ನಪ್ಪ ಹಲ್ಲು ಕಚ್ಚಿ ಬೋಲ್ಟು ತಿರುಗಿಸಿದ.

ನಾಲ್ಕು ಗಂಟೆಗೆ ಎಲ್ಲ ಜೋಡಿಸಿ, ಪಂಪಿಗೆ ಹೋಗಿ ಎರಡೂ ಟ್ಯಾಂಕು ಕಂಠಮಟ್ಟ ತುಂಬಿಸಿ ತಂದರೆ ಗಾಡಿಯ ಹಿಂಬದಿ ನೆಲ ಮುಟ್ಟುವಂತೆ ಕುಸಿದಿತ್ತು. ಪಕ್ಕದ ಚಹಾದಂಗಡಿಯ ಉಮರಬ್ಬ ಹೊರಗೆ ಬಂದು ತಲೆ ಓರೆ ಮಾಡಿ ನೋಡಿದ. "ಎಮ್ಮೆ ಮಲಗಿದ ಹಾಗೆ ಉಂಟಲ್ಲ. ಇದಕ್ಕೆ ಇನ್ನು ಮನೆ ಬೇರೆ ಕಟ್ಟುವುದಾ?"

"ಕಟ್ಟೋದೇ" ಎಂದ ಹೊನ್ನಪ್ಪ.

ಕುಂಞಾಲಿ ನಿಟ್ಟುಸಿರು ಬಿಟ್ಟು ಸ್ಪ್ರಿಂಗಿಗೆ ಎರಡೆರಡು ಪ್ಲೇಟು ಹೆಚ್ಚಿಗೆ ಹೊಡೆದ. ಸಂಜೆಯ ಮಗ್ರಿಬ್ ಬಾಂಗಿಗೆ ಸ್ವಲ್ಪ ಮುಂಚೆ ಗಾಡಿ ನೆಟ್ಟಗೆ ನಿಂತಿತು. ಬಾನೆಟ್ಟಿಗೆ ಒರಗಿ ನಿಂತ ಹೊನ್ನಪ್ಪನ ಫೋಟೋ ತೆಗೆದ ಕಿಶೋರ, ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಅದನ್ನು ಆಫೀಸಿನ ಗ್ರೂಪಿಗೆ ಹಾಕಿದ. ಕೆಳಗೆ ಬರೆದದ್ದು ಇಷ್ಟು: 'ನಮ್ಮ ಹೊನ್ನಪ್ಪನವರು. ಸಾವಿರ ಕಿಲೋಮೀಟರಿಗೆ ಸ್ವಂತ ಪೆಟ್ರೋಲು, ಹಿಂದೆ ಸ್ವಂತ ಮನೆ. ಯಾರ ಹಂಗೂ ಬೇಕಿಲ್ಲ.'

ಹೊನ್ನಪ್ಪನಿಗೆ ಹೆಮ್ಮೆಯಿಂದ ಕಣ್ಣು ತುಂಬಿಬಂತು. ಮನೆ ತಲುಪಿ ಕ್ಯಾರವಾನನ್ನು ಕೊಕ್ಕೆಗೆ ಸಿಕ್ಕಿಸುತ್ತಿರುವಾಗ ಫೋನು ಬಂತು. ಮ್ಯಾನೇಜರ್ ನಂದನ್.

"ಹೊನ್ನಪ್ಪ, ಫೋಟೋ ನೋಡಿದೆ ರೀ. ಎಂಥ ಒಳ್ಳೆ ಕೆಲಸ ಮಾಡಿದೀರಿ. ತುಮ್ರೈತ್ ಹತ್ತಿರ ಎಣ್ಣೆ ಬಾವಿ ಕೊರೆಯೋ ರಿಗ್ ನಿಂತು ತಿಂಗಳಾಯ್ತು, ಕಾಯೋಕೆ ಒಬ್ಬರು ಬೇಕಾಗಿತ್ತು. ಖರ್ಚು ಉಳಿಸೋಕೆ ಅಂತ ಕ್ಯಾಂಪ್ ತೆಗೆದುಬಿಟ್ವಿ, ಪೆಟ್ರೋಲ್ ಲಾರಿನೂ ನಿಲ್ಲಿಸಿದ್ವಿ. ಇರೋಕೆ ಜಾಗ ಇಲ್ಲ, ಓಡಾಡೋಕೆ ಪೆಟ್ರೋಲ್ ಇಲ್ಲ, ಯಾರನ್ನ ಕಳಿಸೋದು ಅಂತ ಕೂತಿದ್ದೆ. ನಿಮ್ಮ ಹತ್ರ ಎರಡೂ ಇದೆ."

"ಸಾರ್, ನಾಳೆಯಿಂದ ನನ್ನ ರಜೆ."

"ಅದು ಕ್ಯಾನ್ಸಲ್. ಮೂರು ತಿಂಗಳು ಅಲ್ಲಿರಿ. ಸೈಟಿಗೆ ಫ್ಯಾಮಿಲಿ ಬಿಡಲ್ಲ, ಗೊತ್ತಲ್ಲ. ಒಂದು ಮಾತು ಹೇಳ್ತೀನಿ, ಸೋಮವಾರ ಕೆಲಸದಿಂದ ತೆಗೆಯೋರ ಲಿಸ್ಟು ಬರ್ತಿದೆ. ನಿಮ್ಮ ಹೆಸರಿತ್ತು. ಈಗ ತಾನೇ ಹೊಡೆದುಹಾಕ್ದೆ."

ಧನ್ಯವಾದ ಹೇಳಬೇಕೋ ಅಳಬೇಕೋ ತಿಳಿಯದೆ ಹೊನ್ನಪ್ಪ ಧನ್ಯವಾದ ಹೇಳಿದ. ತುಮ್ರೈತ್ ಸಲಾಲಾದ ದಾರಿಯಲ್ಲೇ ಇದೆ, ಆದರೆ ಬೆಟ್ಟದ ಈಚೆ. ಅಲ್ಲಿ ಬೀಳುವುದು ಧೂಳು ಮಾತ್ರ.

ಒಳಗೆ ಹೋಗಿ ಕಾಂತಾಮಣಿಗೆ ಹೇಳಿದ. ಪುಳಿಯೋಗರೆ ಕಟ್ಟುತ್ತಿದ್ದ ಅವಳ ಕೈ ನಿಂತಿತು. "ಹೋಗ್ಲಿ ಬಿಡಿ, ಕೆಲಸ ಉಳೀತಲ್ಲ" ಎಂದು ಮತ್ತೆ ನಕ್ಕಳು. ಆ ನಗುವನ್ನು ಹೊನ್ನಪ್ಪನಿಗೆ ಈ ಸಲ ನಿಜಕ್ಕೂ ತಡೆಯಲಾಗಲಿಲ್ಲ.

ಆಗ ಬಾಗಿಲು ಬಡಿದವನು ಕಿಶೋರ. ಹಿಂದೆ ಅವನ ಹೆಂಡತಿ ಮಾನಸ, ಕೈಯಲ್ಲಿ ಆಗಲೇ ಸೂಟ್‌ಕೇಸು.

"ಹೊನ್ನಪ್ಪನವರೇ, ನಿಮ್ಮ ರಜೆ ನನಗೆ ಕೊಟ್ರು. ನಾವೂ ಸಲಾಲಾಕ್ಕೆ ಹೊರಟ್ವಿ. ಕಾಂತಾಮಣಿಯವರನ್ನ ನಮ್ಮ ಕಾರಲ್ಲೇ ಕರ್ಕೊಂಡು ಹೋಗ್ತೀವಿ. ಅವರು ಮಳೆ ನೋಡದೆ ಇರಬಾರದು."

ಕಾಂತಾಮಣಿ ಗಂಡನ ಮುಖ ನೋಡಿದಳು. ಕೇಳುವ ಧೈರ್ಯವಿಲ್ಲದೆ ಕೇಳುತ್ತಿದ್ದ ಆ ಕಣ್ಣುಗಳಿಗೆ ಹೊನ್ನಪ್ಪ, "ಹೋಗಿ ಬಾ" ಎಂದ.

"ಇನ್ನೊಂದು ವಿಷಯ" ಎಂದ ಕಿಶೋರ. "ದಾರೀಲಿ ಪಂಪುಗಳ ಹತ್ರ ವಿಪರೀತ ಕ್ಯೂ ಅಂತೆ. ಹೇಗೂ ಒಂದೇ ದಾರಿ. ನಾವು ನಿಮ್ಮ ಹಿಂದೇನೇ ಬರ್ತೀವಿ, ಬೇಕಾದಾಗ ನಿಮ್ಮ ಎರಡನೇ ಟ್ಯಾಂಕಿಂದ ತುಂಬ್ಕೊಳ್ತೀವಿ."

ಹೊನ್ನಪ್ಪ ಪೆಟ್ರೋಲ್ ಎಳೆಯುವ ಪೈಪು ಹುಡುಕಲು ಹೊರಗೆ ಹೋದ.

"ಮೊದಲ ಹನಿ ಬಿದ್ದ ತಕ್ಷಣ ನಿಮಗೇ ಫೋನ್ ಮಾಡ್ತೀನಿ ರೀ" ಎಂದು ಒಳಗಿನಿಂದ ಕಾಂತಾಮಣಿ ಕೂಗಿ ಹೇಳಿದಳು. ಸೈಟಿನಲ್ಲಿ ಫೋನ್ ಸಿಗುವುದಿಲ್ಲ ಎಂದು ಹೊನ್ನಪ್ಪ ಹೇಳಲಿಲ್ಲ. "ಮಾಡು, ಕಾಯ್ತಿರ್ತೀನಿ" ಎಂದ.