ಭಾವನ ಮನೆಯ ಏಳು ತಲೆಯ ಮೃಗ

ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿರುವ ನಮ್ಮ ಭಾವನನ್ನು ಅಪ್ಪಿತಪ್ಪಿಯೂ "ಹೇಗಿದ್ದೀರಿ?" ಎಂದು ಕೇಳಬೇಡಿ. ಉತ್ತರ ಶುರುವಾಗುವುದೇ ರೋಮ್ ಸಾಮ್ರಾಜ್ಯದಿಂದ! ಅಕ್ಕ ಇತಿಹಾಸದ ಮೇಷ್ಟ್ರನ್ನು ಮದುವೆಯಾದಳು ಎಂದುಕೊಂಡಿದ್ದೆವು. ಅವರ ಜೊತೆ ಏಳು ತಲೆ, ಹತ್ತು ಕೊಂಬಿನ ಮೃಗವೊಂದೂ ಮನೆ ಸೇರುತ್ತದೆಂದು ಯಾರಿಗೆ ಗೊತ್ತಿತ್ತು?

ಭಾವ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು. ಮೊದಮೊದಲ ಕ್ರೈಸ್ತರು ಬರೆದಿಟ್ಟ ಲೋಕಾಂತ್ಯದ ದರ್ಶನಗಳಲ್ಲಿ ರೋಮ್ ಹೇಗೆ ಕಾಣುತ್ತದೆ ಎಂಬುದು ಅವರ ವಿಷಯ.

"ಬೈಬಲ್ಲಿನ ಕೊನೇ ಪುಸ್ತಕದಲ್ಲಿ ಬರೋ ಆ ಮೃಗ ಅಂದ್ರೆ ರೋಮ್ ಕಣಯ್ಯಾ! ಏಳು ತಲೆ ಅಂದ್ರೆ ಆ ಊರಿನ ಏಳು ಬೆಟ್ಟ. ಚಕ್ರವರ್ತಿ ಹೆಸರು ಬರೆದ್ರೆ ಕತ್ತು ಹೋಗುತ್ತೆ, ಅದಕ್ಕೆ ಹೆಸರಿನ ಬದಲು ನಂಬರ್ ಬರೆದ್ರು!"

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಸ್ವೀಡನ್ನಿಗೆ ಬಂದ ಹೊಸದರಲ್ಲಿ, ಸರ್ಕಾರ ಕೊಡುವ ಗುರುತಿನ ಸಂಖ್ಯೆ ಪರ್ಸೊನ್‌ನುಮ್ಮರ್ ಇಲ್ಲದೆ ಫೋನ್ ಕನೆಕ್ಷನ್ ಕೂಡ ಸಿಗದೆಂದು ತಿಳಿದಾಗ ಭಾವ ಕೆರಳಿದರು. ಕಚೇರಿಯ ಕೌಂಟರಿನ ಮುಂದೆ ನಿಂತು, ಅಧಿಕಾರಕ್ಕೂ ಸಂಖ್ಯೆಗೂ ಇರುವ ಪುರಾತನ ಸಂಬಂಧವನ್ನು ಬಿಡಿಸಿ ಬಿಡಿಸಿ ವಿವರಿಸಿದರು. ಒಳಗಿದ್ದಾಕೆ ತಾಳ್ಮೆಯಿಂದ ಪೂರ್ತಿ ಕೇಳಿ ಹೇಳಿದಳು: "ಬಹಳ ಸ್ವಾರಸ್ಯವಾಗಿದೆ. ಕ್ಯೂ ನಂಬರ್ ತಗೊಂಡಿದ್ದೀರಾ?"

ಇನ್ನೊಮ್ಮೆ, ಸ್ವೀಡನ್ನಿನಲ್ಲೇ ಕಿಸ್ಟಾದಲ್ಲಿರುವ ನನ್ನ ಆಫೀಸಿಗೆ, ಸರಿಯಾಗಿ ಫೀಕಾ ಎಂಬ ಕಾಫಿ ವಿರಾಮದ ಹೊತ್ತಿಗೆ ಬಂದರು. ಕಾಫಿ, ದಾಲ್ಚಿನ್ನಿ ಬನ್ನು, ಎದುರಿಗೆ ನಮ್ಮ ಸ್ವೀಡಿಷ್ ಮ್ಯಾನೇಜರ್. ಇನ್ನೇನು ಬೇಕು? "ದೊರೆಗೆ ಹೆದರಿದವರು ಗುಟ್ಟಿನ ಹೆಸರು ಇಟ್ಟುಕೊಳ್ತಾರೆ. ನಿಮ್ಮ ಕನ್ನಡದ ಹುಡುಗರು ನಿಮಗಿಟ್ಟಿರೋ ಹೆಸರು ಕುಂಬಳಕಾಯಿ!" ಎಂದುಬಿಟ್ಟರು.

ನಾನು ಬನ್ನಿನ ತಟ್ಟೆಯನ್ನು ಮ್ಯಾನೇಜರ್ ಕಡೆ ತಳ್ಳಿದೆ. "ಹಾಗಂದರೆ?" ಎಂದ ಅವನು.

"ಅದೊಂದು... ತುಂಬ ಪೌಷ್ಟಿಕ ತರಕಾರಿ" ಎಂದೆ.

ಮಾರನೆಯ ದಿನ ಅವನು ಇಡೀ ತಂಡಕ್ಕೆ ಕಳಿಸಿದ ಈಮೇಲಿನ ಕೊನೆಯಲ್ಲಿ ಸಹಿ ಇತ್ತು: ಇಂತಿ, ಕುಂಬಳಕಾಯಿ!

ಆ ಚಳಿಗಾಲ ಕಾರ್ಲ್‌ಸ್ಟಾಡ್‌ನ ಲೈಬ್ರರಿಯಲ್ಲಿ ಭಾವನ ಭಾಷಣವಿತ್ತು. "ಕುರ್ಚಿ ತುಂಬಿಸೋಕಾದ್ರೂ ಬಾರೋ" ಎಂದು ಅಕ್ಕ ನನ್ನನ್ನು ಕರೆಸಿಕೊಂಡಳು. ಭಾವ ಹುರುಪಿನಲ್ಲಿ ಬೋರ್ಡಿನ ಮೇಲೆ ಮೃಗದ ಮೂರನೆಯ ತಲೆ ಬರೆಯುತ್ತಿದ್ದಾಗ, ಹಿಂದಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. ಇರಾಕಿನಿಂದ ಓಡಿಬಂದ ಕ್ರೈಸ್ತ ಕುಟುಂಬದವರು. ತಡವರಿಸುವ ಸ್ವೀಡಿಷ್‌ನಲ್ಲಿ ಕೇಳಿದರು: "ಕೊನೆಗೆ ಆ ಮೃಗ ಸೋಲುತ್ತದಲ್ಲವೇ? ನನ್ನ ಮಗ ಇನ್ನೂ ಅಲ್ಲೇ ಇದ್ದಾನೆ."

ಭಾವ ಬೋರ್ಡಿನಿಂದ ತಿರುಗಿ ಆಕೆಯನ್ನು ನೋಡಿದರು. ವಿದ್ವಾಂಸರ ನಡುವೆ ಈ ಬಗ್ಗೆ ಇರುವ ಭಿನ್ನಾಭಿಪ್ರಾಯಗಳೆಲ್ಲ ಈಗ ಹೊರಬೀಳುತ್ತವೆ ಎಂದು ನಾನು ಹೆದರಿದೆ. ಆದರೆ ಭಾವ ಪೆನ್ನು ಕೆಳಗಿಟ್ಟರು.

"ಸೋಲುತ್ತೆ ಅಮ್ಮಾ. ಹೆದರಿದವರಿಗೆ ಧೈರ್ಯ ಹೇಳೋಕೇ ಅದನ್ನು ಬರೆದದ್ದು" ಎಂದು ಕೆಳಗಿಳಿದು ಹೋಗಿ ಆಕೆಯ ಪಕ್ಕದ ಕುರ್ಚಿಯಲ್ಲಿ ಕುಳಿತರು. "ನಿಮ್ಮ ಮಗನ ಹೆಸರೇನು?"

ಆಕೆ ಹೇಳಿದರು. ಭಾವನ ಬಾಯಲ್ಲಿ ಅದು ತಪ್ಪಾಯಿತು. ಆಕೆ ತಿದ್ದಿದರು. ಮತ್ತೆ ತಪ್ಪಾಯಿತು, ಆಕೆ ಕಣ್ಣೊರೆಸಿಕೊಂಡು ನಕ್ಕು ಇನ್ನೊಮ್ಮೆ ಹೇಳಿಕೊಟ್ಟರು. ಸರಿಯಾಗಿ ಹೇಳಲು ಬರುವವರೆಗೂ ಭಾವ ಅಲ್ಲಿಂದ ಏಳಲಿಲ್ಲ.