ಕುಲುಮೆಯ ಹೊಗೆಗೂ ಹಗ್ಗದ ಮೇಲಿನ ಬಿಳಿ ಬಟ್ಟೆಗೂ ಯಾವುದೇ ಸಂಬಂಧ ಇಲ್ಲದಿರುವ ಬಗ್ಗೆ

ಬದಲಿ ಇಂಧನ ಹಾಗೂ ದಹನ ಇಲಾಖೆ
(ಚಿಮಣಿಯ ಪಕ್ಕದ ಕಟ್ಟಡ, ಕಿಟಕಿಗಳನ್ನು ಮುಚ್ಚಿರುವ ಮಹಡಿ)

ಸಂಖ್ಯೆ: ದಹನ/ಕಸ/ಬಟ್ಟೆ/ತಿದ್ದುಪಡಿಯ ತಿದ್ದುಪಡಿ

ವಿಷಯ: ಸಿಮೆಂಟ್ ಕುಲುಮೆಯಲ್ಲಿ ಕಸ ಉರಿಸುವುದು, ಬೀದಿಯಲ್ಲಿ ಬಟ್ಟೆ ಒಣಹಾಕುವುದು ಹಾಗೂ ಈ ಆದೇಶಕ್ಕೆ ಸಹಿ ಹಾಕಿರುವ ಮುಖ್ಯ ದಹನಾಧಿಕಾರಿಯವರ (ಮುಂದೆ ‘ಸಹಿದಾರರು’) ಅಂಗಿಗಳ ಕುರಿತು.

ಉಲ್ಲೇಖ:
1) ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಒಗೆಯುವ, ಎಲ್ಲರೂ ‘ದೊಡ್ಡಮ್ಮ’ ಎಂದು ಕರೆಯುವ ಮಹಿಳೆಯ ಮೌಖಿಕ ದೂರು, ಒಂದು ಬೆಡ್‌ಶೀಟ್ ಸಹಿತ.
2) ಅದೇ ದೂರು, ಇನ್ನಷ್ಟು ಜೋರಾಗಿ.
3) ಎರಡಕ್ಕೂ ಈ ಕಚೇರಿ ವಹಿಸಿದ ಮೌನ.

ಕಲ್ಲಿದ್ದಲಿನ ಬದಲು ಊರಿನ ಕಸವನ್ನು ವಿಂಗಡಿಸಿ, ಒಣಗಿಸಿ, ಚೂರು ಮಾಡಿ ಕುಲುಮೆಯಲ್ಲಿ ಉರಿಸುವ ಯೋಜನೆಯನ್ನು ಇಲಾಖೆಯು ಅತ್ಯಂತ ಯಶಸ್ವಿಯಾಗಿ ಜಾರಿಗೊಳಿಸಿರುತ್ತದೆ. ಈ ಪೈಕಿ ವಿಂಗಡಿಸುವುದು, ಒಣಗಿಸುವುದು ಮತ್ತು ಚೂರು ಮಾಡುವುದು ಮಾತ್ರ ಬಾಕಿ ಇರುತ್ತದೆ. ಆದಾಗ್ಯೂ ಕೆಲವರು ಈ ಸಾಧನೆಯಲ್ಲಿ ಮೂಗು ತೂರಿಸಿ, ತೂರಿಸಿದ ಮೂಗನ್ನು ಕೂಡಲೇ ಮುಚ್ಚಿಕೊಳ್ಳುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಆದ್ದರಿಂದ ಸಂಬಂಧಪಟ್ಟ ಹಾಗೂ ಸಂಬಂಧಪಡದ ಎಲ್ಲರಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಕಾರ್ಖಾನೆಯ ಗೇಟಿನ ಹೊರಗೆ ಇರುವುದು ಕಸ. ಗೇಟಿನ ಒಳಗೆ ಬಂದದ್ದು ಇಂಧನ. ಲಾರಿಯು ಗೇಟಿನ ನಡುವೆ ಕೆಟ್ಟು ನಿಂತಲ್ಲಿ ಮುಂದಿನ ಅರ್ಧವನ್ನು ಇಂಧನವೆಂದೂ ಹಿಂದಿನ ಅರ್ಧವನ್ನು ಕಸವೆಂದೂ ಪರಿಗಣಿಸತಕ್ಕದ್ದು. ಬೀದಿ ನಾಯಿಗಳಿಗೆ ಹಿಂದಿನ ಅರ್ಧದ ಮೇಲೆ ಮಾತ್ರ ಹಕ್ಕಿರುತ್ತದೆ.

2. ಕಸ ಒಣಗಿಸಲೆಂದು ಕಟ್ಟಿಸಿದ ಶೆಡ್ಡಿನಲ್ಲಿ ಅಧಿಕಾರಿಗಳ ಕಾರುಗಳು ನಿಂತಿರುವುದು ನಿಜ. ಕಾರುಗಳು ಬಿಸಿಲಿನಲ್ಲಿ ಬಣ್ಣ ಕಳೆದುಕೊಳ್ಳುತ್ತವೆ. ಕಸಕ್ಕೆ ಕಳೆದುಕೊಳ್ಳಲು ಬಣ್ಣವಿಲ್ಲ. ಹೀಗಾಗಿ ಕಸವನ್ನು ಒದ್ದೆಯಾಗಿಯೇ ಉರಿಸಲು ಅನುಮತಿಸಲಾಗಿದೆ. ಈ ಸಂಬಂಧ ಕುಲುಮೆಯ ಮೇಸ್ತ್ರಿಯವರು, “ಹಳೇ ಹಾಸಿಗೆ, ಹರಿದ ಚಪ್ಪಲಿ, ನೆಂದ ರಟ್ಟು ಎಲ್ಲ ಒಟ್ಟಿಗೆ ತುಂಬಿದ್ರೆ ಹೊಗೆ ಬರ್ದೆ ಇನ್ನೇನ್ ಬರುತ್ತೆ ಸಾರ್? ಬೆಂಕಿಗೂ ಉಸಿರು ಕಟ್ಟುತ್ತೆ” ಎಂದು ಹೇಳಿಕೆ ನೀಡಿರುತ್ತಾರೆ. ಸದರಿಯವರು ದೂರುದಾರರ ಅಳಿಯನೂ ಆಗಿರುವುದರಿಂದ ಇದನ್ನು ಮನೆಯ ಮಾತೆಂದು ಪರಿಗಣಿಸಿ ಕೈಬಿಡಲಾಗಿದೆ.

3. ಹೊಗೆ ಅಳೆಯುವ ಯಂತ್ರವು ಬಹಳ ಸೂಕ್ಷ್ಮವಾದದ್ದು. ಹೊಗೆ ತಗುಲಿದರೆ ಹಾಳಾಗುವ ಸಂಭವವಿರುವುದರಿಂದ ಅದನ್ನು ಸಭಾಂಗಣದ ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇರಿಸಲಾಗಿದೆ. ಯಂತ್ರದ ಪ್ರಕಾರ ಹೊಗೆಯ ಪ್ರಮಾಣ ಸೊನ್ನೆ.

4. ಹಿಂದಿನ ಬೀದಿಯ ನಿವಾಸಿಗಳು ಚಿಮಣಿಯ ಕಡೆ ನೋಡುತ್ತಾ ಕೆಮ್ಮುವುದನ್ನು ನಿಷೇಧಿಸಲಾಗಿದೆ. ಚಿಮಣಿಗೆ ಬೆನ್ನು ಮಾಡಿ ಕೆಮ್ಮಿದಲ್ಲಿ ಅದನ್ನು ಹವಾಮಾನದ ಕೆಮ್ಮು ಎಂದು ದಾಖಲಿಸಿಕೊಳ್ಳಲಾಗುವುದು. ಹಸುಗೂಸುಗಳಿಗೆ ದಿಕ್ಕು ತಿಳಿಯದ ಕಾರಣ ಅವುಗಳನ್ನು ತಾಯಂದಿರು ತಿರುಗಿಸಿ ಹಿಡಿಯತಕ್ಕದ್ದು.

5. ಇನ್ನು ಉಲ್ಲೇಖ (1)ರ ದೂರು. ದೊಡ್ಡಮ್ಮನವರು ಆಸ್ಪತ್ರೆಯ ಬೆಡ್‌ಶೀಟ್‌ಗಳನ್ನು ಒಗೆದು, ಮನೆಯ ಮುಂದಿನ ಹಗ್ಗದ ಮೇಲೆ ಒಣಗಿಸಿ ಜೀವನ ಸಾಗಿಸುತ್ತಿರುತ್ತಾರೆ. ಅವರ ಹೇಳಿಕೆಯನ್ನು ಯಥಾವತ್ತಾಗಿ ಕೊಡಲಾಗಿದೆ: “ನೋಡಿ ಸಾಹೇಬ್ರೇ, ಬೆಳ್ಳಗೆ ಹಾಕಿದ್ದು ಸಂಜೆಗೆ ಬೂದಿ ಬಣ್ಣ. ಮತ್ತೆ ಒಗೆದ್ರೂ ಹೋಗಲ್ಲ. ಇನ್ನೊಂದ್ಸಲ ಹಿಂಗೇ ತಂದ್ರೆ ಕೆಲಸ ಬೇರೆಯವ್ರಿಗೆ ಕೊಡ್ತೀವಿ ಅಂದಿದಾರೆ ಆಸ್ಪತ್ರೆಯವ್ರು. ನನ್ನ ಹೊಟ್ಟೆ ಮೇಲೆ ಯಾಕ್ ಹೊಡೀತೀರಿ?” ಈ ಆರೋಪ ಗಂಭೀರವಾಗಿದ್ದುದರಿಂದ ಸಮಿತಿ ರಚಿಸಲಾಯಿತು. ದೂರುದಾರರ ಹೊಟ್ಟೆಯ ಮೇಲೆ ಇಲಾಖೆಯ ಸಿಬ್ಬಂದಿ ಹೊಡೆದಿರುವುದಕ್ಕೆ ಪುರಾವೆ ಇಲ್ಲವೆಂದು ಸಮಿತಿಯು ಚಹಾ ಸೇವನೆಯ ನಂತರ ವರದಿ ಮಾಡಿರುತ್ತದೆ.

6. ದೂರಿನ ಜೊತೆ ಬಂದ ಬೆಡ್‌ಶೀಟನ್ನು ಪರಿಶೀಲಿಸಲಾಗಿ, ಅದು ಮತ್ತೆ ಬಿಳಿಯಾಗುವ ಸ್ಥಿತಿಯಲ್ಲಿ ಇರಲಿಲ್ಲ. ಬಳಕೆಗೆ ಬಾರದ ವಸ್ತು ಕಸ. ಗೇಟಿನ ಒಳಗೆ ಬಂದ ಕಸ ಇಂಧನ (ಕಲಂ 1 ನೋಡಿ). ಅದರಂತೆ ಅದನ್ನು ಕುಲುಮೆಗೆ ಕಳುಹಿಸಲಾಯಿತು. ಯೋಜನೆ ಆರಂಭವಾದಾಗಿನಿಂದ ಒಣಗಿದ ಸ್ಥಿತಿಯಲ್ಲಿ ಬಂದ ಮೊದಲ ಇಂಧನ ಇದಾಗಿದ್ದು, ಚೆನ್ನಾಗಿ ಉರಿಯಿತು ಎಂದು ತಿಳಿಸಲು ಹರ್ಷವಾಗುತ್ತದೆ.

7. ಈ ಅನುಭವದಿಂದ ಹೊಳೆದ ವಿಚಾರವೇನೆಂದರೆ: ಇಲ್ಲದ ಹೊಗೆಯಿಂದ (ಕಲಂ 3) ಬಟ್ಟೆ ಕೆಡುತ್ತದೆ, ಕೆಟ್ಟ ಬಟ್ಟೆ ಇಂಧನವಾಗುತ್ತದೆ, ಇಂಧನದಿಂದ ಮತ್ತೆ ಇಲ್ಲದ ಹೊಗೆ ಬರುತ್ತದೆ. ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಈ ಸ್ವಾವಲಂಬಿ ಪದ್ಧತಿಗಾಗಿ ಸಹಿದಾರರನ್ನು ‘ನಿರ್ಮಲ ಗಾಳಿ’ ಪ್ರಶಸ್ತಿಗೆ ಆಯ್ಕೆ ಮಾಡಲಾಗಿದೆ. ಬೀದಿಯ ನಿವಾಸಿಗಳು ಇನ್ನು ಮುಂದೆ ಬಿಳಿ ಬಟ್ಟೆಗಳನ್ನೇ ಒಣಹಾಕಿ ಸಹಕರಿಸತಕ್ಕದ್ದು.

8. ಆದರೆ ದೊಡ್ಡಮ್ಮನವರು ಸಹಕರಿಸಿದ ರೀತಿ ಇಲಾಖೆಯ ನಿರೀಕ್ಷೆಯಂತೆ ಇರುವುದಿಲ್ಲ. ತಮ್ಮ ಬೆಡ್‌ಶೀಟ್ ಬೂದಿಯಾದ ಸುದ್ದಿ ಅಳಿಯನಿಂದ ತಿಳಿದ ಕೂಡಲೇ ಅವರು ಆಸ್ಪತ್ರೆಯ ಬಟ್ಟೆಗಳನ್ನೆಲ್ಲ ಹಗ್ಗದಿಂದ ತೆಗೆದು, ಊರಾಚೆಗಿನ ತಂಗಿಯ ಮನೆಗೆ ಸಾಗಿಸಿರುತ್ತಾರೆ. ಖಾಲಿಯಾದ ಹಗ್ಗದ ಮೇಲೆ, ಪ್ರಶಸ್ತಿ ಸಮಾರಂಭಕ್ಕಾಗಿ ಒಗೆಯಲು ಕೊಟ್ಟಿದ್ದ ಸಹಿದಾರರ ಬಿಳಿ ಅಂಗಿಗಳನ್ನು, ಚಿಮಣಿಗೆ ಎದುರಾಗಿ, ತೋಳು ಚಾಚಿಸಿ ನೇತುಹಾಕಿರುತ್ತಾರೆ. ಅಂಗಿ ತರಲು ಹೋದ ಜವಾನನಿಗೆ, “ಇನ್ನೂ ಹಸಿ ಇದೆ ಕಣಪ್ಪಾ. ಹಸಿ ಅಂಗಿ ಹಾಕ್ಕೊಂಡು ಸಾಹೇಬ್ರಿಗೆ ನೆಗಡಿಯಾದ್ರೆ ನಾನ್ ತಾನೇ ಜವಾಬ್ದಾರಿ?” ಎಂದು ತಿಳಿಸಿರುತ್ತಾರೆ. ಆ ದಿನ ರಸ್ತೆಯ ಡಾಂಬರು ಕರಗುವಷ್ಟು ಬಿಸಿಲಿತ್ತು.

9. ಸಹಿದಾರರು ಖುದ್ದು ಸ್ಥಳ ಪರಿಶೀಲನೆ ನಡೆಸಲಾಗಿ, ಒಂದು ಅಂಗಿಯ ಕಾಲರಿನ ಮೇಲೆ ಕಪ್ಪು ಚುಕ್ಕೆಗಳು ಕಂಡುಬಂದವು. ಕಲಂ 3ರ ಪ್ರಕಾರ ಈ ಚುಕ್ಕೆಗಳು ಇರುವುದಿಲ್ಲ. ಆದರೂ ಇವೆ. ಇದು ಸಹಿದಾರರಿಗೆ ಅಪಾರ ನೋವು ಉಂಟುಮಾಡಿರುತ್ತದೆ. ಹೊಸ ಅಂಗಿ ಖರೀದಿಗೆ ಅನುದಾನ ಇರುವುದಿಲ್ಲ.

10. ಆದ್ದರಿಂದ ತಾಂತ್ರಿಕ ಕಾರಣಗಳಿಂದಾಗಿ, ಸದರಿ ಅಂಗಿಗಳು ಒಣಗಿ ಕೈಸೇರುವವರೆಗೆ ಕುಲುಮೆಯಲ್ಲಿ ಕಸ ಉರಿಸುವುದನ್ನು ನಿಲ್ಲಿಸಿರುವುದಕ್ಕೆ ಈ ಮೂಲಕ ಘಟನೋತ್ತರ ಅನುಮೋದನೆ ನೀಡಲಾಗಿದೆ. ಕುಲುಮೆ ಆರಿದ ಮರುದಿನವೇ ಆಸ್ಪತ್ರೆಯ ಬೆಡ್‌ಶೀಟ್‌ಗಳು ಅದೇ ಹಗ್ಗಕ್ಕೆ ಮರಳಿರುತ್ತವೆ. ಅವು ಮಧ್ಯಾಹ್ನದೊಳಗೆ ಗರಿಗರಿಯಾಗಿ ಒಣಗಿ ಬೆಳ್ಳಗೆ ಹೊರಡುತ್ತಿವೆ. ಪಕ್ಕದಲ್ಲಿರುವ ಅಂಗಿಗಳು ಮಾತ್ರ ಎರಡನೇ ವಾರವೂ ಒಣಗುತ್ತಿಲ್ಲ. ಇದರ ವೈಜ್ಞಾನಿಕ ಕಾರಣ ಪತ್ತೆಗೆ ಕಲಂ 5ರ ಸಮಿತಿಯನ್ನೇ ಮುಂದುವರಿಸಲಾಗಿದೆ. ಚಹಾ ವೆಚ್ಚ ಪ್ರತ್ಯೇಕ.

(ಸಹಿ ಇದೆ, ಅಂಗಿ ಇಲ್ಲ)
ಮುಖ್ಯ ದಹನಾಧಿಕಾರಿ

ಪ್ರತಿಗಳು:
1. ಕುಲುಮೆಯ ಮೇಸ್ತ್ರಿ – ಮುಂದಿನ ಆದೇಶದವರೆಗೆ ಸುಮ್ಮನೆ ಕೂರಲು, ಹಾಗೂ ಸುಮ್ಮನೆ ಕೂತಾಗ ನಗದಿರಲು.
2. ಪ್ರಶಸ್ತಿ ಸಮಿತಿ – ಸಮಾರಂಭ ಮುಂದೂಡಲು. ಹಿಂದಿನ ಬೀದಿಯ ಗಾಳಿ ಈಗ ನಿಜಕ್ಕೂ ನಿರ್ಮಲವಾಗಿದ್ದು, ಇದರಲ್ಲಿ ಇಲಾಖೆಯ ಪಾತ್ರವಿಲ್ಲವೆಂಬ ವದಂತಿಯನ್ನು ನಂಬದಿರಲು.
3. ಸಹಿದಾರರ ಧರ್ಮಪತ್ನಿ – “ನಿಮ್ಮ ಅಂಗಿ ನೀವೇ ಹೋಗಿ ಇಸ್ಕೊಂಡ್ ಬನ್ನಿ” ಎಂಬ ಅವರ ಟಿಪ್ಪಣಿಯನ್ನು ಗಮನಿಸಲಾಗಿದೆ.
4. ದೊಡ್ಡಮ್ಮ, ಹಿಂದಿನ ಬೀದಿ – ಅಂಗಿಗಳು ಒಣಗಿದ ಕೂಡಲೇ ತಿಳಿಸಲು ವಿನಂತಿ. (ಜವಾನನ ಮೂಲಕ ಬಂದ ಉತ್ತರ: “ಅವಸರ ಮಾಡ್ಬೇಡಿ ಅಂತ ಹೇಳು ಸಾಹೇಬ್ರಿಗೆ. ಇನ್ನೂ ಹಸಿ ಇದೆ.”)