ಕಾರಿನಲ್ಲೇ ಉಳಿದ ದೊಡ್ಡಪ್ಪ

ಬಂದರು ಪಟ್ಟಣ ಸ್ಫಾಕ್ಸಿನ ಮೊಂಜಿಗೆ ನಲವತ್ತು ವರ್ಷ. ಅವನ ಕೈಗಳ ಸೋರಿಯಾಸಿಸ್‌ಗೆ ಇಪ್ಪತ್ತೆರಡು. ಅಂಟುರೋಗವಲ್ಲವೆಂದು ಡಾಕ್ಟರು ಹೇಳಿದ್ದರೂ ಅವನು ಮುಟ್ಟಿದ ಲೋಟವನ್ನು ನೆರೆಯವರು ಸತ್ತ ಇಲಿಯ ಹಾಗೆ ಎರಡೇ ಬೆರಳಲ್ಲಿ ಎತ್ತುತ್ತಿದ್ದರು.

ಆ ಭಾನುವಾರ ತಂಗಿ ನಝೀಹಾಳ ಸಂಬಂಧ ಗಟ್ಟಿಮಾಡಲು ಗಂಡಿನವರು ಬರುವವರಿದ್ದರು. ಬೆಳಿಗ್ಗೆಯೇ ಪಕ್ಕದ ಮನೆಯ ಸಾಲೂಹಾ ದೋಣಿಗೆ ಬಳಿಯುವ ಕಪ್ಪು ಮರದೆಣ್ಣೆಯ ಸೀಸೆ ಹಿಡಿದು ಬಂದಳು.

“ಹಚ್ಕೊಳೋ ಮೊಂಜಿ. ನಮ್ಮಜ್ಜ ಒಂಟೆ ಕಜ್ಜಿಗೆ ಇದನ್ನೇ ಹಚ್ತಿದ್ದ.”

“ಒಂಟೆ ವಾಸಿಯಾಯ್ತಾ ಚಿಕ್ಕಮ್ಮ?”

“ಸತ್ತೋಯ್ತು. ಆದ್ರೆ ಸಾಯೋವಾಗ ಕಜ್ಜಿ ಇರ್ಲಿಲ್ಲ.”

ಅವನು ಕೈ ಎಳೆದುಕೊಳ್ಳುವಷ್ಟರಲ್ಲಿ ಬಳಿದಾಗಿತ್ತು. ಅರ್ಧ ಗಂಟೆಯಲ್ಲಿ ಕೈಗಳು ಅರೆದ ಮೆಣಸಿನಕಾಯಿಯಂತೆ ಕೆಂಪಾದವು. ಮನೆಯೆಲ್ಲ ರಿಪೇರಿಗೆ ಬಂದ ದೋಣಿಯ ವಾಸನೆ. ಅಮ್ಮ ನೋಡಿ ಅತ್ತೇಬಿಟ್ಟಳು. “ಅವರು ಹೋಗೋವರೆಗೆ ಎಲ್ಲಾದ್ರೂ ಇರಪ್ಪ. ಅವಳ ಬಾಳು ಕೆಡಿಸ್ಬೇಡ.”

ಮೊಂಜಿ ಎದ್ದುಹೋಗಿ ಓಣಿಯ ಗೋಡೆಯ ನೆರಳಲ್ಲಿ ಕುಳಿತ.

ಗಂಡಿನವರು ಬಂದರು, ಒಳಗೆ ಹೋದರು. ಒಬ್ಬ ಮುದುಕ ಮಾತ್ರ ಕಾರಿನಲ್ಲೇ ಉಳಿದ. ಜುಲೈ ಬಿಸಿಲು, ಪಾಪ, ಮೊಟ್ಟೆಯಂತೆ ಬೇಯುತ್ತಿದ್ದ. ಮೊಂಜಿ ನೀರಿನ ಬಾಟಲಿ ಚಾಚಿದ.

“ಒಳಗೆ ಬನ್ನಿ ಯಜಮಾನ್ರೇ.”

“ಬೇಡ ತಮ್ಮಾ. ನಾನು ಹುಡುಗನ ದೊಡ್ಡಪ್ಪ. ನನ್ನ ಕಂಡ್ರೆ ಸಂಬಂಧ ಮುರಿಯುತ್ತಂತೆ.”

ಬಾಟಲಿಗೆ ಚಾಚಿದ ಆ ಕೈಯ ಮೇಲೂ ಅದೇ ಬಿಳಿ ಹೊಪ್ಪಳೆ, ಅದೇ ಬಿರುಕು. ಮೊಂಜಿ ತನ್ನ ಕೈಯನ್ನು ಅದರ ಪಕ್ಕಕ್ಕಿಟ್ಟ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುದುಕ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಹೊರಗಿನವರು ಯಾರೂ ಹಾಗೆ ಹಿಡಿದು ಇಪ್ಪತ್ತೆರಡು ವರ್ಷವಾಗಿತ್ತು.

“ನಿಮಗೂ ಇದೆ, ನಮಗೂ ಇದೆ. ಇನ್ನೇನು ಮುಚ್ಚಿಡೋದು? ನಡೀರಿ ದೊಡ್ಡಪ್ಪ!”

ಕೈ ಕೈ ಹಿಡಿದು ಇಬ್ಬರೂ ಒಳನಡೆದರು. ನಡುಮನೆಯವರೆಲ್ಲ ಆ ಕೈಗಳನ್ನೇ ನೋಡಿದರು.

“ಅಯ್ಯೋ, ಇವರ ವಂಶದಲ್ಲೇ ಚರ್ಮರೋಗ!” ಹುಡುಗನ ತಾಯಿ ಕಿರುಚಿದಳು.

“ನಿಮ್ಮದೇನು ಕಮ್ಮಿಯಾ? ಇಂಥ ಮನೆಗೆ ನನ್ನ ಮಗಳನ್ನ ಕೊಡ್ಬೇಕಾ?” ಅಮ್ಮನೂ ಸೊಂಟಕ್ಕೆ ಕೈಯಿಟ್ಟಳು.

ರೋಗ ಮುಚ್ಚಿಟ್ಟ ಮೋಸಗಾರರೆಂದು ಇಬ್ಬರೂ ಒಬ್ಬರನ್ನೊಬ್ಬರು ಬೈದರು. ಇಬ್ಬರ ಮಾತೂ ನಿಜವಾಗಿತ್ತು. ಸಾಲೂಹಾ ಎರಡೂ ಕಡೆಗೆ ತಲೆಯಾಡಿಸಿದಳು. ಹುಡುಗ ನೆಲ ನೋಡುತ್ತ ಎದ್ದ. ಕಾರು ಹೊರಟೇಹೋಯಿತು.

ಮೊಂಜಿ ತಂಗಿಯ ಕೋಣೆಯ ಬಾಗಿಲಲ್ಲಿ ನಿಂತ. ದಿನಾ ಅವನ ಕೈಗೆ ಮುಲಾಮು ಹಚ್ಚುತ್ತಿದ್ದವಳು ಅವಳೇ. ಈಗ ಅವಳು ಆ ಕೈಗಳತ್ತ ನೋಡಲಿಲ್ಲ.

“ಅಣ್ಣಾ, ಒಂದು ಗಂಟೆ... ಒಂದೇ ಒಂದು ಗಂಟೆ ಹೊರಗಿರೋಕಾಗ್ಲಿಲ್ವಾ ನಿನಗೆ?”